ಆ ಒಂದೂವರೆ ನಿಮಿಷ ಕಾಯಿಸುವುದು ಸಿಸ್ಟಮ್‌ಡಿಯೇ?

ಪ್ರಶ್ನೆ: ಚಿತ್ರದುರ್ಗದಲ್ಲಿ ಡಿಟಿಪಿ ಅಂಗಡಿ ನಡೆಸುತ್ತಿದ್ದೇನೆ. ಹಳೆಯ ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಹಾಕಿಕೊಂಡು ಲಗ್ನಪತ್ರಿಕೆ, ಬಿಲ್ ಪುಸ್ತಕ, ಫ್ಲೆಕ್ಸ್ ಎಲ್ಲವನ್ನೂ ಅದರಲ್ಲೇ ಮಾಡುತ್ತೇನೆ. ನೋಡೋಣವೆಂದು ಈಚೆಗೆ ಅದೇ ಡಿಸ್ಕಿನಲ್ಲಿ ಇನ್ನೊಂದು ಲಿನಕ್ಸ್ ಹಾಕಿದೆ. ಅಂದಿನಿಂದ ಡೆಬಿಯನ್ ಶುರುವಾಗುವಾಗ ಒಂದೂವರೆ ನಿಮಿಷ ಸುಮ್ಮನೆ ನಿಂತುಬಿಡುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಗಿರಾಕಿಗಳು ಕಾಯಬೇಕು. ದಾವಣಗೆರೆಯ ಗೆಳೆಯರೊಬ್ಬರು, ಇದೆಲ್ಲ ಸಿಸ್ಟಮ್‌ಡಿಯ ಕಾಟ, ಅದಿಲ್ಲದ ಲಿನಕ್ಸ್ ಹಾಕಿಕೊಳ್ಳಿ ಎನ್ನುತ್ತಾರೆ. ಹಾಕಿಕೊಳ್ಳಲೇ?

ಉತ್ತರ: ಬೇಡ. ಈ ಕಾರಣಕ್ಕಂತೂ ಖಂಡಿತ ಬೇಡ. ಸಿಸ್ಟಮ್‌ಡಿ ಎಂದರೆ ಕಂಪ್ಯೂಟರ್ ಶುರುವಾಗುವಾಗ ಉಳಿದ ಸೇವೆಗಳನ್ನೆಲ್ಲ ಎಬ್ಬಿಸುವ ಪ್ರೋಗ್ರಾಮ್. ನೀವು ಹೇಳಿದ ಆ ಒಂದೂವರೆ ನಿಮಿಷವೇ ಸುಳಿವು. ಶುರುವಾಗುವಾಗ ಬೇಕಾದ ಡಿಸ್ಕ್ ಕಾಣದಿದ್ದರೆ ಸಿಸ್ಟಮ್‌ಡಿ ಅದಕ್ಕಾಗಿ ಕಾಯುವ ಗಡುವು, ಬೇರೆ ಸೂಚನೆ ಇಲ್ಲದಿದ್ದಲ್ಲಿ, 90 ಸೆಕೆಂಡ್. ಕಂಪ್ಯೂಟರ್ ಹಳೆಯದಾಗಿರುವುದೇ ಕಾರಣವಾಗಿದ್ದರೆ ತಡ ದಿನಕ್ಕೊಂದು ಬಗೆಯಾಗಿರುತ್ತಿತ್ತು. ಪ್ರತಿ ಸಲವೂ ಅಷ್ಟೇ ಹೊತ್ತು ಹಿಡಿಯುತ್ತಿದೆ ಎಂದರೆ, ಬರಬೇಕಾದದ್ದು ಯಾವುದೋ ಬಂದೇ ಇಲ್ಲ.

ಮುಂದಿನ ಸಲ ಆನ್ ಮಾಡಿದಾಗ ಲಾಂಛನದ ಪರದೆ ಬಂದರೆ ಎಸ್ಕೇಪ್ ಕೀ ಒತ್ತಿ. ಎಡಗಡೆ ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡಾಡುವ ಒಂದು ಸಾಲು, ಅದರ ಕೊನೆಯಲ್ಲಿ ಒಂದೂವರೆ ನಿಮಿಷದತ್ತ ಏರುವ ಗಡಿಯಾರ ಕಾಣಬಹುದು. ನಡುವೆ ಅಂಕಿ, ಅಕ್ಷರ, ಅಡ್ಡಗೆರೆ ಬೆರೆತ ಉದ್ದನೆಯ ಗುರುತು ಇರುತ್ತದೆ. ಅದು ಡಿಸ್ಕಿನ ಒಂದು ಭಾಗದ ಯುಯುಐಡಿ, ಅಂದರೆ ಆ ಭಾಗವನ್ನಷ್ಟೇ ಗುರುತಿಸುವ ಸಂಖ್ಯೆ. ನಿಮ್ಮ ವಿವರಣೆ ನೋಡಿದರೆ ಬಹುಪಾಲು ಅದು ಸ್ವಾಪ್ ಭಾಗದ್ದು, ಅಂದರೆ ಮೆಮೊರಿ ಸಾಲದಾದಾಗ ಬಳಸುವ ಡಿಸ್ಕಿನ ಜಾಗದ್ದು. ಎರಡನೆಯ ಲಿನಕ್ಸ್ ಅನುಸ್ಥಾಪಿಸುವಾಗ ಸ್ವಾಪ್ ಭಾಗವನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಿದರೆ ಅದಕ್ಕೆ ಹೊಸ ಯುಯುಐಡಿ ಬರುತ್ತದೆ. ಡೆಬಿಯನ್ನಿನ ಇಟಿಸಿ ಫೋಲ್ಡರಿನಲ್ಲಿರುವ ಎಫ್‌ಸ್ಟ್ಯಾಬ್ ಕಡತದಲ್ಲಿ (ಶುರುವಾಗುವಾಗ ಡಿಸ್ಕಿನ ಯಾವ ಭಾಗಗಳು ಬೇಕೆಂಬ ಪಟ್ಟಿ ಅದು) ಮಾತ್ರ ಹಳೆಯದೇ ಉಳಿದಿರುತ್ತದೆ. ಡೆಬಿಯನ್ ಹಳೆಯ ವಿಳಾಸಕ್ಕೆ ಹೋಗಿ ಬಾಗಿಲು ತಟ್ಟುತ್ತಿದೆ, ಅಷ್ಟೇ.

ಸರಿಪಡಿಸುವುದು ಕಷ್ಟವಲ್ಲ. ಟರ್ಮಿನಲ್ ತೆರೆದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಎಲ್‌ಎಸ್‌ಬಿಎಲ್‌ಕೆ ಎಂದು ಬರೆದು, ಒಂದು ಜಾಗ ಬಿಟ್ಟು, ಮೈನಸ್ ಎಫ್ ಸೇರಿಸಿ. ಈಗಿರುವ ಸ್ವಾಪ್ ಭಾಗದ ಯುಯುಐಡಿ ಸಿಗುತ್ತದೆ. ಎಫ್‌ಸ್ಟ್ಯಾಬ್‌ನ ಒಂದು ಪ್ರತಿ ತೆಗೆದಿಟ್ಟುಕೊಂಡು, ರೂಟ್ ಅಧಿಕಾರದಲ್ಲಿ ಅದನ್ನು ತೆರೆದು, ಸ್ವಾಪ್ ಎಂದಿರುವ ಸಾಲಿನಲ್ಲಿ ಮಾತ್ರ ಹೊಸ ಯುಯುಐಡಿ ಬರೆಯಿರಿ. ಉಳಿದ ಸಾಲುಗಳನ್ನು ಮುಟ್ಟಬೇಡಿ. ಅಲ್ಲಿ ತಪ್ಪಾದರೆ ಡೆಸ್ಕ್‌ಟಾಪ್ ಬರುವ ಬದಲು ತುರ್ತು ಸ್ಥಿತಿಯ ಕಪ್ಪು ಪರದೆ ಬರುತ್ತದೆ. ಡೆಬಿಯನ್ನಿನಲ್ಲಿ ಅದೇ ಗುರುತು ಇನ್ನೊಂದೆಡೆಯೂ ಇರಬಹುದು: ಇಟಿಸಿಯೊಳಗಿನ ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಫೋಲ್ಡರಿನ ಕಾನ್ಫ್.ಡಿ ಎಂಬಲ್ಲಿರುವ ರೆಸ್ಯೂಮ್ ಕಡತ. ಹಲವರು ಇದನ್ನು ಮರೆತು, ಇನ್ನೂ ಒಂದಿಷ್ಟು ತಡವಾಗುತ್ತಿದೆ ಎಂದು ಕೊರಗುತ್ತಾರೆ. ಅದನ್ನೂ ತಿದ್ದಿ, ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಆದೇಶವನ್ನು ಮೈನಸ್ ಯು ಸೇರಿಸಿ ಕೊಟ್ಟು, ಕಂಪ್ಯೂಟರನ್ನು ಮತ್ತೆ ಶುರುಮಾಡಿ.

ಇನ್ನು ನಿಮ್ಮ ಗೆಳೆಯರ ಮಾತು. ಅವರ ಅಸಮಾಧಾನಕ್ಕೆ ದೊಡ್ಡ ಇತಿಹಾಸವೇ ಇದೆ. ಲಿನಕ್ಸಿನ ತಿರುಳಾದ ಕರ್ನಲ್ ಎದ್ದ ಮೇಲೆ ಮೊದಲು ಶುರುಮಾಡುವ ಪ್ರೋಗ್ರಾಮಿಗೆ ಇನಿಟ್ ಎಂದು ಹೆಸರು, ಅದರ ಪ್ರಕ್ರಿಯೆ ಸಂಖ್ಯೆ 1. ಉಳಿದ ಸೇವೆಗಳನ್ನೆಲ್ಲ ಎಬ್ಬಿಸುವುದು ಅದರ ಕೆಲಸ. ಯುನಿಕ್ಸ್ ಸಿಸ್ಟಮ್ ಫೈವ್‌ನಿಂದ ಬಂದ ಹಳೆಯ ಪದ್ಧತಿಯಲ್ಲಿ ಶೆಲ್ ಸ್ಕ್ರಿಪ್ಟುಗಳು ಒಂದಾದ ಮೇಲೊಂದು ಓಡುತ್ತಿದ್ದವು. ಒಂದು ತಡವಾದರೆ ಅದರ ನಂತರದ್ದೆಲ್ಲ ತಡ. ಉಬುಂಟು ಲಿನಕ್ಸ್ 2006ರಲ್ಲಿ ಹೊಸ ಇನಿಟ್ ಆದ ಅಪ್‌ಸ್ಟಾರ್ಟ್ ತಂದಿತು. 2010ರಲ್ಲಿ ಲೆನಾರ್ಟ್ ಪೊಯೆಟರಿಂಗ್ ಮತ್ತು ಕೇ ಸೀವರ್ಸ್ ಸಿಸ್ಟಮ್‌ಡಿಯನ್ನು ಮುಂದಿಟ್ಟರು. ಒಂದನ್ನೊಂದು ಕಾಯಬೇಕಿಲ್ಲದ ಸೇವೆಗಳನ್ನೆಲ್ಲ ಅದು ಒಟ್ಟಿಗೇ ಎಬ್ಬಿಸುತ್ತದೆ. 2011ರಲ್ಲಿ ಫೆಡೋರಾ 15 ಅದನ್ನು ಒಪ್ಪಿಕೊಂಡಿತು. ಡೆಬಿಯನ್ನಿನ ತಾಂತ್ರಿಕ ಸಮಿತಿಯಲ್ಲಿ ಮತಗಳು ಸಮಸಮವಾಗಿ, 2014ರ ಫೆಬ್ರುವರಿಯಲ್ಲಿ ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಗೆದ್ದಿತು. ಒಪ್ಪದವರು ಬೇರೆಯಾಗಿ, ಅದಿಲ್ಲದ ಡೆವುವಾನ್ ಲಿನಕ್ಸ್ ಕಟ್ಟಿದರು.

ಒಂದೇ ಯೋಜನೆ ಲಾಗ್, ಲಾಗಿನ್, ನೆಟ್‌ವರ್ಕ್ ಹೀಗೆ ಎಲ್ಲದಕ್ಕೂ ಕೈ ಚಾಚಿತು, ಲಾಗ್‌ಗಳನ್ನು ಸರಳ ಪಠ್ಯದ ಬದಲು ಬೈನರಿ ರೂಪದಲ್ಲಿಟ್ಟಿತು ಎಂಬ ಆಕ್ಷೇಪ ನನಗೂ ನ್ಯಾಯವಾಗಿಯೇ ಕಾಣುತ್ತದೆ. ರನ್‌ಇಟ್ ಎಂಬ ಇನಿಟ್ ಬಳಸುವ ವಾಯ್ಡ್ ಲಿನಕ್ಸ್, ಓಪನ್‌ಆರ್‌ಸಿ ಬಳಸುವ ಆಲ್ಪೈನ್ ಲಿನಕ್ಸ್ ಚೊಕ್ಕಟವಾದ ವ್ಯವಸ್ಥೆಗಳು. ಕಲಿಯುವ ಹಂಬಲವಿದ್ದರೆ ಅವುಗಳನ್ನು ಅಗತ್ಯವಾಗಿ ಹಾಕಿ ನೋಡಿ. ಆದರೆ ನಿಮ್ಮ ಅಂಗಡಿಯಲ್ಲಿ ಏನಾಗುತ್ತಿತ್ತು ಗೊತ್ತೇ? ಹಳೆಯ ಪದ್ಧತಿಯ ಇನಿಟ್ ಇದ್ದಿದ್ದರೆ ಸ್ವಾಪ್ ಸಿಗಲಿಲ್ಲವೆಂದು ಒಂದು ಸಾಲು ಬರೆದು ಮುಂದೆ ಹೋಗುತ್ತಿತ್ತು. ಆ ಸಾಲನ್ನು ಯಾರೂ ಓದುತ್ತಿರಲಿಲ್ಲ. ಕಾಯುವುದು ತಪ್ಪುತ್ತಿತ್ತು, ಸ್ವಾಪ್ ಮಾತ್ರ ಇಲ್ಲವಾಗಿಯೇ ಇರುತ್ತಿತ್ತು. ಮೆಮೊರಿ ಕಡಿಮೆಯಿರುವ ಹಳೆಯ ಯಂತ್ರದಲ್ಲಿ ದೊಡ್ಡ ಫ್ಲೆಕ್ಸಿನ ಕಡತ ತೆರೆದ ದಿನ, ಉಳಿಸದ ಕೆಲಸದ ಸಮೇತ ಪ್ರೋಗ್ರಾಮ್ ಮುಚ್ಚಿಹೋಗುವ ಅಪಾಯವಿತ್ತು.

ತಿದ್ದಿದ ಮೇಲೂ ತಡವೆನಿಸಿದರೆ ಸಿಸ್ಟಮ್‌ಡಿ-ಅನಲೈಸ್ ಆದೇಶಕ್ಕೆ ಕ್ರಿಟಿಕಲ್-ಚೈನ್ ಸೇರಿಸಿ ಕೊಡಿ. ಬ್ಲೇಮ್ ಎಂಬುದನ್ನು ಸೇರಿಸಿದರೆ ಬರುವ, ಯಾವ ಸೇವೆ ಎಷ್ಟು ಹೊತ್ತು ಹಿಡಿಯಿತು ಎಂಬ ಪಟ್ಟಿಯನ್ನು ಎಲ್ಲರೂ ಹೇಳಿಕೊಡುತ್ತಾರೆ. ಆದರೆ ಅದರಲ್ಲಿ ಮೊದಲು ಕಾಣುವ ಸೇವೆ ಹಿನ್ನೆಲೆಯಲ್ಲಿ ಓಡುತ್ತಿದ್ದು, ನಿಮ್ಮನ್ನು ಒಂದು ಕ್ಷಣವೂ ಕಾಯಿಸದೇ ಇರಬಹುದು. ನೆಟ್‌ವರ್ಕ್ ಸಿದ್ಧವಾಗುವವರೆಗೆ ಕಾಯುವ ಸೇವೆ ಹಲವು ಬಾರಿ ಹೀಗೆ ಸುಮ್ಮನೆ ಬೈಗುಳ ತಿನ್ನುತ್ತದೆ. ಯಾವುದಕ್ಕಾಗಿ ಯಾವುದು ನಿಂತಿತ್ತು ಎಂಬುದು ಕ್ರಿಟಿಕಲ್-ಚೈನ್‌ನಲ್ಲೇ ಕಾಣುವುದು. ಬ್ಯಾಕಪ್‌ಗೆಂದು ಹೊರಗಿನ ಡಿಸ್ಕನ್ನು ಎಫ್‌ಸ್ಟ್ಯಾಬ್‌ಗೆ ಸೇರಿಸಿದ್ದರೆ, ಆ ಸಾಲಿನ ಆಯ್ಕೆಗಳಲ್ಲಿ ನೋಫೇಲ್ ಎಂದು ಬರೆದಿಡಿ. ಡಿಸ್ಕ್ ಮನೆಯಲ್ಲೇ ಉಳಿದ ದಿನವೂ ಅಂಗಡಿಯ ಕಂಪ್ಯೂಟರ್ ಶುರುವಾಗುತ್ತದೆ.