ಅಣ್ವಸ್ತ್ರ ಪ್ರಸರಣ ತಡೆಯ ಓದಿಗೆ ಭಾರತೀಯರಿಗೆ ಫೆಲೋಶಿಪ್ ಸಿಗುತ್ತದೆಯೇ?

ಪ್ರಶ್ನೆ: ನಾನು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸುತ್ತಿರುವ ವಿದ್ಯಾರ್ಥಿನಿ. ಅಣ್ವಸ್ತ್ರಗಳು ಹರಡದಂತೆ ತಡೆಯುವ ಕೆಲಸದಲ್ಲಿ ತೊಡಗುವ ಆಸೆಯಿದೆ. ಸ್ನಾತಕೋತ್ತರ ಓದಿಗೆ ಫೆಲೋಶಿಪ್ ಇದೆಯೇ? ಭಾರತದವರಿಗೂ ಕೊಡುತ್ತಾರೆಯೇ?

ಉತ್ತರ: ಇದೆ, ಕೊಡುತ್ತಾರೆ. ಆದರೆ ಈ ಕ್ಷೇತ್ರದಲ್ಲಿ ಎಷ್ಟೋ ಕಡೆ ಅಂಕಪಟ್ಟಿಗಿಂತ ಮೊದಲು ಪಾಸ್‌ಪೋರ್ಟ್ ನೋಡುತ್ತಾರೆ. ಹುಡುಕಲು ಹೊರಟವರ ಕಣ್ಣಿಗೆ ಬೇಗ ಬೀಳುವುದು ಅಮೆರಿಕದ ರಾಷ್ಟ್ರೀಯ ಪರಮಾಣು ಭದ್ರತಾ ಆಡಳಿತದ ಪದವೀಧರ ಫೆಲೋಶಿಪ್. ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ ನಡೆಸುವ ಇದರಲ್ಲಿ ಒಂದು ವರ್ಷ ಸಂಬಳದೊಂದಿಗೆ ಕೆಲಸವಿರುತ್ತದೆ. ಆದರೆ ಅದು ಅಮೆರಿಕದ ಪ್ರಜೆಗಳಿಗೆ ಮಾತ್ರ. ಅದರ ಅರ್ಜಿ ತುಂಬುತ್ತ ದಿನ ಕಳೆಯಬೇಡಿ.

ನಿಮ್ಮ ದಾರಿ ವಿಯೆನ್ನಾ ಕಡೆಗಿದೆ. ಅಲ್ಲಿ ನೆಲೆಸಿರುವ, ಅಣುಶಕ್ತಿ ಬಾಂಬಿಗೆ ಬಳಕೆಯಾಗದಂತೆ ನಿಗಾ ಇಡುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ (ಐಎಇಎ) 2020ರಲ್ಲಿ ಮೇರಿ ಸ್ಕ್ಲೊಡೊವ್ಸ್ಕಾ ಕ್ಯೂರಿ ಹೆಸರಿನಲ್ಲಿ ಮಹಿಳೆಯರಿಗಾಗಿಯೇ ಫೆಲೋಶಿಪ್ ಆರಂಭಿಸಿತು. ಸದಸ್ಯ ರಾಷ್ಟ್ರಗಳ ವಿದ್ಯಾರ್ಥಿನಿಯರು ಅರ್ಜಿ ಹಾಕಬಹುದು, ಭಾರತವಂತೂ ಆ ಸಂಸ್ಥೆಯ ಸ್ಥಾಪಕ ಸದಸ್ಯ. ಬೋಧನಾ ಶುಲ್ಕಕ್ಕೆ ವರ್ಷಕ್ಕೆ 10,000 ಯೂರೊವರೆಗೆ, ಜೀವನವೆಚ್ಚಕ್ಕೆ ಇನ್ನೂ ಅಷ್ಟು, ಗರಿಷ್ಠ ಎರಡು ವರ್ಷ. ಆಮೇಲೆ ಹನ್ನೆರಡು ತಿಂಗಳವರೆಗಿನ ಇಂಟರ್ನ್‌ಶಿಪ್‌ಗೂ ಸಂಸ್ಥೆ ನೆರವಾಗುತ್ತದೆ. ಪರಮಾಣು ಎಂಜಿನಿಯರಿಂಗ್ ಜೊತೆಗೆ ಪ್ರಸರಣ ತಡೆ, ಪರಮಾಣು ಕಾನೂನು ಕೂಡ ಅದರ ವ್ಯಾಪ್ತಿಯಲ್ಲಿವೆ. ಒಂದು ಮಾತು ನೆನಪಿರಲಿ: ವಿಶ್ವವಿದ್ಯಾಲಯದ ಸೀಟನ್ನು ನೀವೇ ದಕ್ಕಿಸಿಕೊಳ್ಳಬೇಕು, ಫೆಲೋಶಿಪ್ ಅದನ್ನು ಕೊಡಿಸುವುದಿಲ್ಲ.

ಭೌತಶಾಸ್ತ್ರ ಓದಿದವರಿಗೆ ಅಲ್ಲೇನು ಕೆಲಸ ಎಂದು ಮನೆಯವರು ಕೇಳಬಹುದು. ಈ ಕೆಲಸದ ತಿರುಳೇ ಲೆಕ್ಕ. ಒಂದು ಬಾಂಬ್ ತಯಾರಾಗುವ ಸಾಧ್ಯತೆಯನ್ನು ತಳ್ಳಿಹಾಕಲಾಗದ ಪ್ರಮಾಣವೆಂದು ಐಎಇಎ ಗುರುತಿಸಿರುವುದು 8 ಕಿಲೋ ಪ್ಲುಟೋನಿಯಂ, ಅಥವಾ ಅತಿ ಸಂವರ್ಧಿತ (ಬಾಂಬಿಗೆ ಬೇಕಾದ ಯುರೇನಿಯಂ-235ರ ಪಾಲನ್ನು ಹೆಚ್ಚಿಸಿದ) ಯುರೇನಿಯಂನಲ್ಲಿರುವ 25 ಕಿಲೋ ಯುರೇನಿಯಂ-235. ಟನ್‌ಗಟ್ಟಲೆ ಇಂಧನ ಓಡಾಡುವ ಸ್ಥಾವರಗಳಲ್ಲಿ ಇಷ್ಟು ಸಣ್ಣ ಪಾಲು ಗುಟ್ಟಾಗಿ ಬೇರೆಡೆ ಹೋಗಿಲ್ಲವೆಂದು ಖಚಿತಪಡಿಸಬೇಕು! ಅದಕ್ಕೇ ಸಂಸ್ಥೆಯ ತಪಾಸಕರು ದಾಸ್ತಾನು ಅಳೆಯುತ್ತಾರೆ, ಮುದ್ರೆ ಒಡೆದಿದೆಯೇ ನೋಡುತ್ತಾರೆ, ಕ್ಯಾಮೆರಾ ದಾಖಲೆ ಪರಿಶೀಲಿಸುತ್ತಾರೆ. ಗೋಡೆ, ಯಂತ್ರಗಳನ್ನು ಹತ್ತಿಬಟ್ಟೆಯಿಂದ ಒರೆಸಿ ತಂದ ಧೂಳಿನ ಕಣವನ್ನು ವಿಯೆನ್ನಾ ಸಮೀಪದ ಸೈಬರ್ಸ್‌ಡಾರ್ಫ್ ಪ್ರಯೋಗಾಲಯ ಪರೀಕ್ಷಿಸುತ್ತದೆ. ಸರ್ಕಾರವೊಂದು ಮುಚ್ಚಿಟ್ಟದ್ದನ್ನು ಕಣ್ಣಿಗೆ ಕಾಣದ ಕಣವೊಂದು ಹೊರಗೆಡಹಬಲ್ಲದು. ನನ್ನ ಮಟ್ಟಿಗೆ ಭೌತಶಾಸ್ತ್ರಕ್ಕೆ ಇದಕ್ಕಿಂತ ಘನವಾದ ಬಳಕೆ ಕಡಿಮೆ. ಉಪಗ್ರಹ ಚಿತ್ರ ಓದಬಲ್ಲವರು, ರಫ್ತು ಕಾನೂನು ಬಲ್ಲವರು, ಭಾಷೆ ಬಲ್ಲವರಿಗೂ ಇಲ್ಲಿ ಜಾಗವಿದೆ.

ಹುಡುಗರಿಗೆ ಕ್ಯೂರಿ ಫೆಲೋಶಿಪ್ ಇಲ್ಲ, ಐಎಇಎ ಇಂಟರ್ನ್‌ಶಿಪ್ ಮಾತ್ರ ಎಲ್ಲರಿಗೂ ತೆರೆದಿದೆ. ದೇಶದಲ್ಲೇ ಓದುವವರು ದೆಹಲಿಯ ಜೆಎನ್‌ಯುನ ನಿಶ್ಶಸ್ತ್ರೀಕರಣ ಅಧ್ಯಯನವನ್ನು ನೋಡಬಹುದು. ಸಂಶೋಧನೆಗಾದರೆ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯೂ (ಎನ್‌ಐಎಎಸ್) ಇದೆ. 1974ರ ಪೋಖ್ರಾನ್ ಅಣುಪರೀಕ್ಷೆಯ ಮುಂಚೂಣಿಯಲ್ಲಿದ್ದ, ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ ಅದರ ಮೊದಲ ನಿರ್ದೇಶಕರು.

ಅರ್ಜಿಯ ಪ್ರಬಂಧಕ್ಕೆ ಕೂರುವ ಮೊದಲು ಒಂದು ಪ್ರಶ್ನೆಯನ್ನು ಎದುರಿಸಿ: ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಈ ಬಗ್ಗೆ ನಿಮ್ಮ ನಿಲುವೇನು? ಅರ್ಜಿಯಲ್ಲಿ ಕೇಳದಿದ್ದರೂ ಮುಂದೆ ಸಹಪಾಠಿಗಳು ಕೇಳಿಯೇ ಕೇಳುತ್ತಾರೆ. ನುಣುಚಿಕೊಳ್ಳಬೇಡಿ. ಕೂಡಂಕುಳಂ ಸ್ಥಾವರ ಐಎಇಎ ನಿಗಾದಲ್ಲಿದೆ, ನಮ್ಮ ಕೈಗಾ ಇಲ್ಲ. ಹೀಗೇಕೆ ಎಂದು ಸರಳ ಮಾತಿನಲ್ಲಿ ಒಂದು ಪುಟ ಬರೆದು ನೋಡಿ, ಸಿದ್ಧತೆ ಅಲ್ಲಿಂದಲೇ ಶುರುವಾಗಲಿ.