ಒಟ್ಟಿಗೆ ಸಾಕಿದ ಬಾಕ್ಸ್ ಆಮೆ, ದಾರಿಯಲ್ಲಿ ಸಿಕ್ಕ ಕಾಡಾಮೆ

ಆಮೆ ಸಾಕುವ ಬಗೆಗಿನ ಪುಸ್ತಕದಲ್ಲಿ ಬರುವುದು ಬಾಕ್ಸ್ ಆಮೆ. ಕಾಸರಗೋಡಿನ ನಮ್ಮ ತೋಟದ ಕಣಿಯಲ್ಲಿ, ಅಂದರೆ ನೀರು ಹರಿಯುವ ಕಾಲುವೆಯಲ್ಲಿ, ಸಿಗುವುದು ಬೇರೆ ಆಮೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ವಿಷಯ ಬೇಗ ತಲೆಗೆ ಹೋಗುತ್ತದೆ.

ಬಾಕ್ಸ್ ಆಮೆಯ ಕೆಳಚಿಪ್ಪಿಗೆ ಅಡ್ಡಲಾಗಿ ಒಂದು ಕೀಲು ಇರುತ್ತದೆ. ಹೆದರಿದರೆ ತಲೆ, ಕಾಲು ಒಳಗೆಳೆದು ಕೆಳಚಿಪ್ಪನ್ನು ಮೇಲಕ್ಕೆ ಮಡಚಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಅಮೆರಿಕದವು ಟೆರಪೀನ್ ಕುಲ, ಏಷ್ಯಾದವು ಕ್ಯುಯೋರಾ ಕುಲ. ಭಾರತದಲ್ಲಿ ಕ್ಯುಯೋರಾ ಇರುವುದು ಈಶಾನ್ಯದಲ್ಲಿ ಮತ್ತು ನಿಕೋಬಾರಿನಲ್ಲಿ. ನಮ್ಮ ಕಡೆ ಜಾಸ್ತಿ ಕಾಣುವುದು ಬೆನ್ನ ಮೇಲೆ ಮೂರು ಏಣು ಇರುವ ಕಪ್ಪಾಮೆ, ಮತ್ತು ಮಲಯಾಳದವರು ವೆಳ್ಳಾಮ ಎನ್ನುವ ಮೆತ್ತನೆ ಚಿಪ್ಪಿನದು. ವೆಳ್ಳಾಮದ ಹಿಂಗಾಲಿಗೆ ಚರ್ಮದ ಮುಚ್ಚಳ ಇದೆ. ಅದನ್ನು ನೋಡಿ ಬಾಕ್ಸ್ ಆಮೆ ಎಂದುಕೊಳ್ಳಬೇಡಿ.

ಈಗ ಮುಖ್ಯ ವಿಷಯ. ಆಮೆ ಒಂಟಿ ಜೀವಿ. ಎರಡು ಆಮೆ ಒಂದೇ ಮೂಲೆಯಲ್ಲಿ ಅಂಟಿಕೊಂಡು ಕೂತರೆ ಅದು ಸ್ನೇಹ ಅಲ್ಲ. ಬೆಚ್ಚಗಿನ ಜಾಗ ಅಲ್ಲಿ ಒಂದೇ ಇದೆ, ಎರಡಕ್ಕೂ ಅದೇ ಬೇಕು, ಅಷ್ಟೇ. ಗಂಡುಗಳು ಒಂದನ್ನೊಂದು ಕಚ್ಚುತ್ತವೆ, ದೂಡುತ್ತವೆ, ಮಗುಚಿ ಹಾಕುತ್ತವೆ. ಮಗುಚಿ ಬಿದ್ದದ್ದು ಬಿಸಿಲಲ್ಲೇ ಉಳಿದರೆ ಸತ್ತೇ ಹೋಗಬಹುದು. ಒಂದು ಗಂಡು, ಒಂದು ಹೆಣ್ಣು ಇಟ್ಟರೂ ಕಷ್ಟವೇ, ಗಂಡು ಹೆಣ್ಣನ್ನು ಬಿಡುವುದೇ ಇಲ್ಲ. ಹಾಗೆ ನೋಡಿದರೆ ಹೆಣ್ಣಿಗೆ ಗಂಡು ಯಾವಾಗಲೂ ಜೊತೆಗಿರಬೇಕಾಗಿಯೂ ಇಲ್ಲ. ಒಮ್ಮೆ ಕೂಡಿದ ಹೆಣ್ಣು ವೀರ್ಯವನ್ನು ಒಳಗೇ ಕಾಪಿಟ್ಟುಕೊಂಡು 4 ವರ್ಷದ ನಂತರವೂ ಮರಿಯಾಗುವ ಮೊಟ್ಟೆ ಇಟ್ಟದ್ದುಂಟು.

ಒತ್ತಡದಲ್ಲಿರುವ ನಾಯಿ ಬೊಗಳುತ್ತದೆ, ಆಮೆ ಸುಮ್ನೆ ಇರುತ್ತದೆ. ಹಾಗಾಗಿ ತಿನ್ನುವ ಹೊತ್ತಿನಲ್ಲಿ ಕೂತು ನೋಡಬೇಕು. ಎರೆಹುಳು ಹಾಕಿದಾಗ ಒಂದು ಮುಂದೆ ಬರುತ್ತದೆ. ಇನ್ನೊಂದು ಕತ್ತು ಚಾಚುತ್ತದೆ, ಮೊದಲನೆಯದು ಹೆಜ್ಜೆ ಇಟ್ಟ ತಕ್ಷಣ ಕತ್ತು ಒಳಗೆ. ಅದು ಹೋದ ಮೇಲೂ ಹೊರಗೆ ಬರಲು ತಡಮಾಡುತ್ತದೆ. ಹೀಗೆ ದಿನವೂ ಆದರೆ ಅದನ್ನು ಬೇರೆ ಮಾಡಲೇಬೇಕು. ಬಟ್ಟಲು ಬೇರೆ ಬೇರೆ ಇಡಿ, ಅಡಗುವ ಜಾಗ ಆಮೆಗಳ ಸಂಖ್ಯೆಗಿಂತ ಜಾಸ್ತಿ ಇರಲಿ, ನಡುವೆ ಗಿಡ, ಕೊರಡು ಇಟ್ಟು ಒಂದರ ಕಣ್ಣಿಗೆ ಒಂದು ಬೀಳದಂತೆ ಮಾಡಿ.

ಬೇರೆ ಬೇರೆ ಜಾತಿಯ ಆಮೆಗಳನ್ನು ಬೆರೆಸಲೇಬಾರದು. ಹರ್ಪಿಸ್ ವೈರಸ್, ರಾನಾ ವೈರಸ್, ಮೈಕೊಪ್ಲಾಸ್ಮಾ ಎಂಬ ರೋಗಾಣುಗಳು ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ, ತಂದ ಆಮೆ ನೋಡಲು ಗಟ್ಟಿಮುಟ್ಟಾಗಿಯೇ ಇರಬಹುದು. ಹೊಸದನ್ನು ಕಡಿಮೆಯೆಂದರೂ 90 ದಿನ ಬೇರೆ ಇಡಬೇಕು. ದಿನದ ಕೆಲಸದಲ್ಲಿ ಹಳೆಯದಕ್ಕೆ ಮೊದಲು, ಹೊಸದಕ್ಕೆ ಕೊನೆಗೆ. ಕೈ ತೊಳೆಯುವುದು ಹೇಳಬೇಕಾಗಿಲ್ಲ, ಅಲ್ವಾ.

ಇಷ್ಟೆಲ್ಲ ಸಾಕಿದ ವಿದೇಶಿ ಆಮೆಗೆ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಅಂಥ ಆಮೆಯನ್ನು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಮ್ಮ ಕಾಡಾಮೆಯ ಮಾತೇ ಬೇರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ವೆಳ್ಳಾಮ ಅತಿ ಹೆಚ್ಚು ರಕ್ಷಣೆಯ ಒಂದನೇ ಪಟ್ಟಿಯಲ್ಲಿದೆ. ಮನೆಯಲ್ಲಿ ಇಟ್ಟುಕೊಳ್ಳುವ ಪ್ರಶ್ನೆಯೇ ಇಲ್ಲ.

ಕಾನೂನು ಬಿಟ್ಟು ಜೀವಶಾಸ್ತ್ರ ನೋಡಿದರೂ ಉತ್ತರ ಅದೇ. ಅಮೆರಿಕದ ಮೇರಿಲ್ಯಾಂಡಿನ ಪಟಕ್ಸೆಂಟ್‌ನಲ್ಲಿ ಲುಸಿಲ್ ಸ್ಟಿಕಲ್ ಎಂಬ ಜೀವವಿಜ್ಞಾನಿ 1944ರಿಂದ ಬಾಕ್ಸ್ ಆಮೆಗಳಿಗೆ ಗುರುತು ಹಾಕಿ ನೋಡಿದರು. ಒಂದು ಆಮೆ ಓಡಾಡುವ ಜಾಗದ ಅಗಲ ಸುಮಾರು 100 ಮೀಟರ್ ಅಷ್ಟೇ. ನೀರು, ನೆರಳು, ಮೊಟ್ಟೆಯಿಡುವ ಮಣ್ಣು ಎಲ್ಲ ಅದಕ್ಕೆ ಅಲ್ಲಿಯೇ ಗೊತ್ತು. ಅದನ್ನು ಒಯ್ದು ದೂರದ ಹೊಳೆಗೆ ಬಿಟ್ಟರೆ ಮನೆ ಹುಡುಕಿಕೊಂಡು ಅಲೆಯುತ್ತದೆ, ರಸ್ತೆಗೆ ಬೀಳುತ್ತದೆ. ಆದ್ದರಿಂದ ಮಳೆಗಾಲದಲ್ಲಿ ರಸ್ತೆ ದಾಟುವ ಆಮೆ ಸಿಕ್ಕಿದರೆ, ಅದು ಯಾವ ಕಡೆಗೆ ಹೊರಟಿತ್ತೋ ಅದೇ ಬದಿಗೆ ದಾಟಿಸಿ ಬಿಡಿ.

ಎತ್ತುವಾಗ ಚಿಪ್ಪಿನ ಎರಡೂ ಬದಿ ಹಿಡಿಯಿರಿ. ಬಾಲ ಹಿಡಿದು ಎತ್ತಬಾರದು, ಬೆನ್ನೆಲುಬಿಗೇ ಪೆಟ್ಟಾಗುತ್ತದೆ. ವೆಳ್ಳಾಮದ ಕತ್ತು ಉದ್ದ, ಚೆನ್ನಾಗಿ ಕಚ್ಚುತ್ತದೆ. ಅದನ್ನು ಹಿಂಭಾಗದಲ್ಲಿ ಹಿಡಿಯಿರಿ. ಕಪ್ಪಾಮೆ ಹೆದರಿದರೆ ಕೆಟ್ಟ ವಾಸನೆ ಬಿಡುತ್ತದೆ, ಕೈಬಿಟ್ಟು ಬೀಳಿಸಬೇಡಿ.

ಬಾವಿಯ ನೀರು ಶುದ್ಧವಾಗುತ್ತದೆ ಎಂದು ಆಮೆ ಬಿಡುವವರಿದ್ದಾರೆ. ಕೆಂಪುಕಲ್ಲಿನ ನೆಟ್ಟಗಿನ ಗೋಡೆ ಹತ್ತಿ ಅದು ಬಿಸಿಲಿಗೆ ಬರುವುದು ಹೇಗೆ? ಮೊಟ್ಟೆಯಿಡುವುದು ಎಲ್ಲಿ? ಆಮೆಯ ಹೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ, ಭೇದಿ ಜ್ವರ ತರುವ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಅಮೆರಿಕ 1975ರಲ್ಲಿ 4 ಇಂಚಿಗಿಂತ ಸಣ್ಣ ಆಮೆಗಳ ಮಾರಾಟ ನಿಲ್ಲಿಸಿದ್ದು ಮಕ್ಕಳಿಗೆ ಇದೇ ರೋಗ ಬರುತ್ತಿದ್ದುದಕ್ಕೆ. ಕುಡಿಯುವ ನೀರಿಗೆ ಅದನ್ನು ಬಿಡುವುದು ಆಮೆಗೂ ಕೇಡು, ಮನೆಯವರಿಗೂ ಕೇಡು.

ಕಣಿ ಅಗೆಯುವಾಗ ಮೊಟ್ಟೆ ಸಿಕ್ಕರೆ ಹಾಗೇ ಮಣ್ಣು ಮುಚ್ಚಿ. ತಿರುಗಿಸಬೇಡಿ. ಭ್ರೂಣ ಸಿಪ್ಪೆಯ ಒಳಗೋಡೆಗೆ ಅಂಟಿಕೊಂಡಿರುತ್ತದೆ, ಮೇಲುಗಡೆ ಕೆಳಗಾದರೆ ಸಾಯಬಹುದು.

ಗಾಡಿ ತಾಗಿ ಚಿಪ್ಪು ಒಡೆದಿದ್ದರೆ ಗಮ್ ಹಚ್ಚಬೇಡಿ. ಚಿಪ್ಪು ಎಂದರೆ ಎಲುಬು, ಅದರಲ್ಲಿ ರಕ್ತ, ನರ ಎರಡೂ ಇವೆ, ಕೊಳೆ ಒಳಗೇ ಉಳಿದರೆ ಕೀವಾಗುತ್ತದೆ. ನೀರಿಗೂ ಬಿಡಬೇಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಒಣ ಬಟ್ಟೆ ಹಾಸಿ ಇಟ್ಟು, ಸಿಕ್ಕಿದ ಜಾಗವನ್ನು ಸರಿಯಾಗಿ ಬರೆದುಕೊಂಡು, ಹತ್ತಿರದ ಅರಣ್ಯ ಕಚೇರಿಗೆ ಫೋನ್ ಮಾಡಿ. ವಾಸಿಯಾದ ಮೇಲೆ ಅದನ್ನು ಬಿಡಬೇಕಾದದ್ದು ಅದೇ ಜಾಗಕ್ಕೆ.