ಅಮಾವಾಸ್ಯೆಯ ಮರುದಿನದ ಜ್ವರ

ನಾಗಮಂಗಲದ ಕಡೆಯ ಒಂದು ಎರಕದ ಮನೆ. ಕುಲುಮೆಯಿಂದ ಮೂಸೆಯನ್ನು ಇಕ್ಕಳದಲ್ಲಿ ಎತ್ತುತ್ತಿದ್ದಂತೆ ಕರಗಿದ ಹಿತ್ತಾಳೆಯ ಮೇಲೆ ಹಸಿರು ಬೆರೆತ ನೀಲಿ ಜ್ವಾಲೆ ನಾಲಗೆ ಚಾಚಿತು. ಅದರ ತುದಿಯಿಂದ ಹಾಲು ಬಣ್ಣದ ಹೊಗೆ ಎದ್ದು, ತೊಲೆಗೆ ತಾಗಿ, ಹರಡಿಕೊಂಡು ಮೆಲ್ಲಗೆ ಕೆಳಗಿಳಿಯತೊಡಗಿತು. ಅರ್ಧ ಗಂಟೆಯ ಮೇಲೆ ತಲೆಯೆತ್ತಿ ನೋಡಿದರೆ ಜೇಡರ ಬಲೆಗಳೆಲ್ಲ ಹತ್ತಿ ಹಿಂಜಿ ತೂಗುಹಾಕಿದಂತೆ ಬೆಳ್ಳಗಾಗಿದ್ದವು. ನನ್ನ ಕನ್ನಡಕದ ಮೇಲೂ ಒಂದೆರಡು ಎಳೆ ಕೂತಿದ್ದವು. ಉಜ್ಜಿದರೆ ಟಾಲ್ಕಂ ಪೌಡರಿನ ನುಣುಪು.

“ಇದು ಹೊಗೆ ಅಲ್ಲ ಯಜಮಾನರೇ” ಎಂದೆ.

“ಮತ್ತೇನು ಮೇಷ್ಟ್ರೇ, ಮಂಜೇ?” ಎಂದು ನಕ್ಕರು.

ಅವರು ತಮಾಷೆಗೆ ಹೇಳಿದ್ದನ್ನು ಯುರೋಪಿನ ರಸವಾದಿಗಳು ಗಂಭೀರವಾಗಿಯೇ ಹೇಳಿದ್ದರು. ಈ ಪುಡಿಗೆ ಅವರು ಇಟ್ಟ ಒಂದು ಹೆಸರು ‘ಬಿಳಿ ಹಿಮ’, ಇನ್ನೊಂದು ‘ತತ್ತ್ವಜ್ಞಾನಿಗಳ ಉಣ್ಣೆ’. ಹಿಮವೆಂಬ ಹೋಲಿಕೆ ತೀರಾ ದೂರದ್ದೇನಲ್ಲ. ತಾಮ್ರ ಕರಗುವುದು 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಿತ್ತಾಳೆಯಲ್ಲಿ ಅದರ ಜೊತೆಗಿರುವ ಸತುವು 420ರಲ್ಲೇ ಕರಗಿ, 907ರಲ್ಲಿ ಕುದಿಯತೊಡಗುತ್ತದೆ. ತಾಮ್ರದ ಸಹವಾಸದಲ್ಲಿರುವ ಸತುವು ಅಷ್ಟು ಸುಲಭಕ್ಕೆ ಕಳಚಿಕೊಂಡು ಹೋಗುವುದಿಲ್ಲ, ನಿಜ. ಆದರೂ ಅಚ್ಚಿಗೆ ಹೊಯ್ಯುವಷ್ಟು ಕಾಯಿಸುವ ಹೊತ್ತಿಗೆ ಒಂದಿಷ್ಟು ಆವಿಯಾಗಿ ಹೊರಟೇಹೋಗಿರುತ್ತದೆ. ಹೊರಗಿನ ಗಾಳಿ ತಾಗಿದ ಕ್ಷಣವೇ ಅದು ಉರಿದು, ಆಮ್ಲಜನಕವನ್ನು ಕೂಡಿಕೊಂಡು, ಅಂತರದಲ್ಲೇ ಘನವಾಗುತ್ತದೆ. ಹೀಗೆ ಹುಟ್ಟುವ ಸತುವಿನ ಆಕ್ಸೈಡಿನ ಕಣ ಒಂದು ಮೈಕ್ರಾನಿಗಿಂತಲೂ ಚಿಕ್ಕದು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಕನ್ನಡದಲ್ಲಿ ಹಬೆ, ಆವಿ, ಹೊಗೆ, ಘಾಟು ಎಂದು ಇಷ್ಟೆಲ್ಲ ಪದಗಳಿದ್ದರೂ ಕುದಿದು ಹಾರಿ ಗಾಳಿಯಲ್ಲೇ ಹೆಪ್ಪುಗಟ್ಟಿದ ಲೋಹಕ್ಕೆ ಒಂದು ಪದವಿಲ್ಲ. ಒಗ್ಗರಣೆಗೆ ಬಿದ್ದ ಒಣಮೆಣಸಿನಕಾಯಿ ಮೂಗನ್ನು ಎಚ್ಚರಿಸುತ್ತದೆ, ಕೆಮ್ಮಿಸುತ್ತದೆ, ಅಡುಗೆಮನೆಯಿಂದ ಓಡಿಸುತ್ತದೆ. ಸತುವಿನದು ಅಂಥ ಉಪಕಾರವನ್ನೂ ಮಾಡದ ಘಾಟು. ಬಾಯಲ್ಲಿ ಸ್ವಲ್ಪ ಸಿಹಿ ಸಿಹಿ ಎನಿಸುತ್ತದೆ, ಅಷ್ಟೇ.

ಜ್ವರ ಬರುವುದು ಸಂಜೆಗೆ. ಘಾಟು ಕುಡಿದ ನಾಲ್ಕರಿಂದ ಹತ್ತು ಗಂಟೆಯ ನಂತರ ಮೈ ನಡುಕ, ತಲೆನೋವು, ಕಂಬಳಿ ಹೊದ್ದರೂ ನಿಲ್ಲದ ಚಳಿ, ಆಮೇಲೆ ಬೆವರು. ಒಂದೆರಡು ದಿನದಲ್ಲಿ ಏನೂ ಆಗಿಲ್ಲವೆಂಬಂತೆ ಬಿಟ್ಟುಹೋಗುತ್ತದೆ. ವೈದ್ಯರು ಇದನ್ನು ಲೋಹಧೂಮ ಜ್ವರ ಎನ್ನಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಇನ್ನೊಂದು ಹೆಸರು ‘ಸೋಮವಾರದ ಜ್ವರ’. ಕಾರಣವಿಷ್ಟೇ: ದಿನವೂ ಘಾಟು ಕುಡಿಯುವ ದೇಹ ತಾತ್ಕಾಲಿಕವಾಗಿ ಅದಕ್ಕೆ ಒಗ್ಗಿಕೊಳ್ಳುತ್ತದೆ, ಒಂದೆರಡು ದಿನ ರಜೆ ಸಿಕ್ಕರೆ ಆ ಒಗ್ಗಿಕೆ ಕಳೆದುಹೋಗುತ್ತದೆ. ಭಾನುವಾರ ವಿಶ್ರಾಂತಿ, ಸೋಮವಾರ ಸಂಜೆ ಚಳಿ.

ನಾನು ಹೇಳುತ್ತಿರುವ ಎರಕದ ಮನೆಗೆ ಭಾನುವಾರದ ರಜೆ ಇಲ್ಲ. ಅಮಾವಾಸ್ಯೆಗೆ ಕುಲುಮೆ ಹಚ್ಚುವುದಿಲ್ಲ, ಜೊತೆಗೆ ಹಿಂದೆಯೋ ಮುಂದೆಯೋ ಒಂದು ದಿನ ಸೇರಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಜ್ವರ ಕಾಣಿಸುವುದು ಅಮಾವಾಸ್ಯೆ ಕಳೆದ ಮೇಲೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಯಾರಿಗೆ ಬೇಕು? “ಹುಡುಗನಿಗೆ ಗಾಳಿ ಹಿಡಿದಿದೆ” ಎಂದು ನಿವಾಳಿಸಿ, ತಾಯತ ಕಟ್ಟುತ್ತಾರೆ. ಮರುದಿನ ಹುಡುಗ ಎದ್ದು ಕೂರುತ್ತಾನೆ. ತಾನಾಗಿಯೇ ಬಿಡುವ ಜ್ವರಕ್ಕೆ ಏನು ಕಟ್ಟಿದರೂ ಗುಣವಾಗುತ್ತದೆ, ಹಳೆಯ ಬಸ್ ಟಿಕೆಟ್ ಕಟ್ಟಿದರೂ ಗುಣವಾಗುತ್ತದೆ. ನನಗೆ ಸಿಟ್ಟು ಬರುವುದು ತಾಯತದ ಮೇಲಲ್ಲ. ಅಮಾವಾಸ್ಯೆಗೂ ಜ್ವರಕ್ಕೂ ಇರುವ ನಂಟನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸಿದ ಜನ ಅಲ್ಲಿಗೇ ನಿಂತುಬಿಟ್ಟರಲ್ಲ ಎಂಬುದಕ್ಕೆ. ಗಾಳಿ ಹಿಡಿದಿದೆ ಎಂದವರು ಯಾವ ಗಾಳಿ ಎಂದು ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಓದಿದವರ ತಾಯತ ಬೇರೆ: ಬೆಲ್ಲ ಮತ್ತು ಹಾಲು. ಧೂಳಿನ ಕೆಲಸ ಮುಗಿಸಿದವನಿಗೆ ಒಂದು ಅಚ್ಚು ಬೆಲ್ಲ ಕೊಟ್ಟರೆ ಶ್ವಾಸಕೋಶ ತೊಳೆದುಹೋಗುತ್ತದೆ ಎಂಬ ನಂಬಿಕೆ ದೇಶದ ತುಂಬ ಇದೆ. ಮಂಡ್ಯದ ಬೆಲ್ಲದ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ, ಮನೆಯಲ್ಲಿ ಕಾಫಿಗೂ ಅದೇ. ಆದರೆ ತಿಂದದ್ದು ಹೋಗುವುದು ಹೊಟ್ಟೆಗೆ, ಉಸಿರಾಡಿದ್ದು ಹೋಗುವುದು ಶ್ವಾಸಕೋಶಕ್ಕೆ. ಲಕ್ನೋದ ವಿಜ್ಞಾನಿಗಳು 1994ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದನ್ನು ಬೆಲ್ಲದ ಪರವಾಗಿ ಎಲ್ಲರೂ ಉಲ್ಲೇಖಿಸುತ್ತಾರೆ. ಅದು ಕಲ್ಲಿದ್ದಲು ಮತ್ತು ಸಿಲಿಕಾ ಧೂಳಿನದು, ಇಲಿಗಳದು. ಆವಿಯಿಂದ ಹುಟ್ಟಿದ ಲೋಹದ ಕಣಕ್ಕೆ ಅದನ್ನು ಎಳೆದು ತರುವುದು ನ್ಯಾಯವಲ್ಲ. ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಗುಜರಿ ಹಿತ್ತಾಳೆಯ ಹಳೆಯ ನಲ್ಲಿಗಳಲ್ಲಿ ಸೀಸ ಬೆರೆತಿರುತ್ತದೆ, ಕಡೆಯಲು ಸುಲಭವಾಗಲಿ ಎಂದು ಬೆರೆಸಿದ್ದು. ಸತುವಿನ ಜೊತೆ ಅದೂ ಸ್ವಲ್ಪ ಹಾರುತ್ತದೆ. ಸೀಸ ಅದೇ ಸಂಜೆ ಜ್ವರ ತರುವುದಿಲ್ಲ. ಮೂಳೆಯಲ್ಲಿ ಸೇರಿಕೊಂಡು ವರ್ಷಗಟ್ಟಲೆ ಕೂರುತ್ತದೆ.

ಹಾಗಾದರೆ ಈ ಘಾಟನ್ನು ಮೂಗಿಗೆ ಮುಟ್ಟುವ ಮೊದಲೇ ಹಿಡಿಯುವುದು ಹೇಗೆ? ಅದಕ್ಕೇ ಫ್ಯಾನ್ ಹಾಕಿಸಿದ್ದೇವಲ್ಲ ಎಂದು ಯಜಮಾನರು ಎದುರು ಗೋಡೆಯನ್ನು ತೋರಿಸಿದರು. ಅಲ್ಲೊಂದು ಎಕ್ಸಾಸ್ಟ್ ಫ್ಯಾನ್ ಭರ್ರೆಂದು ತಿರುಗುತ್ತಿತ್ತು. ಹೊಗೆ ಮಾತ್ರ ಅದರ ಕಡೆ ತಿರುಗಿಯೂ ನೋಡದೆ ತನ್ನ ಪಾಡಿಗೆ ತೊಲೆಯ ಕಡೆ ಹೋಗುತ್ತಿತ್ತು. ನಾನು ಈ ಲೇಖನ ಬರೆಯಲು ಕೂತದ್ದೇ ಆ ಫ್ಯಾನಿನ ದೆಸೆಯಿಂದ.

ಊದುಗೊಳವೆಯಿಂದ ಒಲೆ ಊದಿದವರು ಬೇಕಾದಷ್ಟು ಮಂದಿ ಇದ್ದಾರೆ. ಅದೇ ಕೊಳವೆಯಲ್ಲಿ ಗಾಳಿ ಹೀರಿ ಒಲೆ ಹೊತ್ತಿಸಿದವರನ್ನು ಕಂಡಿದ್ದೀರಾ? ದೀಪವನ್ನು ಮೊಳ ದೂರದಿಂದ ಊದಿ ಆರಿಸಬಹುದು. ಉಸಿರೆಳೆದು ಆರಿಸಲು ಹೊರಟರೆ ಮೀಸೆ ಸುಡುವಷ್ಟು ಹತ್ತಿರ ಹೋಗಬೇಕು. ಊದಿದ ಗಾಳಿಗೆ ದಿಕ್ಕು ಇರುತ್ತದೆ, ಹೀರಿದ ಗಾಳಿಗೆ ಇರುವುದಿಲ್ಲ. ವಿಜಯದಶಮಿಯ ದಿನ ಮೈಸೂರಿನಲ್ಲಿದ್ದವರಿಗೆ ಇದು ಕಾಲಿಗೇ ಗೊತ್ತು. ಜಂಬೂ ಸವಾರಿ ಅರಮನೆಯಿಂದ ಹೊರಟು ಬನ್ನಿಮಂಟಪದ ಕಡೆಗೆ ಒಂದೇ ದಾರಿಯಲ್ಲಿ ಸಾಗುತ್ತದೆ, ಕಿಲೋಮೀಟರುಗಳಾಚೆಗೂ ಅದು ಮೆರವಣಿಗೆಯೇ. ಬೆಳಿಗ್ಗೆ ಅದೇ ಜನ ಅರಮನೆಗೆ ಬಂದದ್ದು ಹೇಗೆ? ಅಗ್ರಹಾರದಿಂದ, ಮಂಡಿ ಮೊಹಲ್ಲಾದಿಂದ, ನಜರಬಾದಿನಿಂದ, ನೂರು ಗಲ್ಲಿಗಳಿಂದ. ಅರಮನೆಯ ಬಾಗಿಲಲ್ಲಿ ಉಸಿರುಗಟ್ಟುವ ನೂಕುನುಗ್ಗಲು ಇದ್ದರೂ ಎರಡು ಬೀದಿ ಆಚೆಯ ಗಲ್ಲಿಯಲ್ಲಿ ನಾಲ್ಕು ಜನ ಆರಾಮವಾಗಿ ನಡೆದು ಬರುತ್ತಿರುತ್ತಾರೆ. ಹೀರುವ ಕೊಳವೆಯ ಬಾಯಿಯೂ ಹೀಗೆಯೇ, ಎದುರಿನಿಂದ, ಪಕ್ಕದಿಂದ, ಹಿಂದಿನಿಂದಲೂ ಗಾಳಿಯನ್ನು ಕರೆಯುತ್ತದೆ. ಇನ್ನೂ ಒಪ್ಪಿಗೆಯಾಗದಿದ್ದರೆ ಕನ್ನಂಬಾಡಿಗೆ ಬನ್ನಿ. ಮಳೆಗಾಲದಲ್ಲಿ ಗೇಟು ತೆರೆದಾಗ ಕಟ್ಟೆಯ ಕೆಳಗೆ ನೊರೆಗಟ್ಟಿ ಮೊರೆಯುವ ನೀರು ಬಹುದೂರ ಅದೇ ಅಬ್ಬರದಲ್ಲಿ ಓಡುತ್ತದೆ. ಕಟ್ಟೆಯ ಮೇಲುಗಡೆ, ಗೇಟಿನಿಂದ ತುಸು ದೂರದಲ್ಲಿ ತೇಲುವ ಕಡ್ಡಿ ಅಲುಗಾಡಬೇಕೋ ಬೇಡವೋ ಎಂದು ಯೋಚಿಸುತ್ತಿರುತ್ತದೆ. ನೀರು ಅದೇ, ಗೇಟು ಅದೇ.

ಲೆಕ್ಕ ಬೇಕೆಂದರೆ ಹೀಗೆ: ಒಂದು ಅಡಿ ಅಗಲದ ಕೊಳವೆ ಹೀರುತ್ತಿದ್ದರೆ, ಬಾಯಿಂದ ಕೇವಲ ಒಂದು ಅಡಿ ದೂರದಲ್ಲಿ ಗಾಳಿಯ ವೇಗ ಬಾಯಲ್ಲಿದ್ದದ್ದರ ನೂರಕ್ಕೆ ಏಳೆಂಟು ಪಾಲು ಮಾತ್ರ. ಅದೇ ಕೊಳವೆ ಊದುತ್ತಿದ್ದರೆ 30 ಅಡಿ ಆಚೆಗೂ ಹತ್ತರಲ್ಲೊಂದು ಪಾಲು ಉಳಿದಿರುತ್ತದೆ. ದೂರ ಇಮ್ಮಡಿಯಾದರೆ ಅಷ್ಟೇ ಸೆಳೆತಕ್ಕೆ ಹೆಚ್ಚು ಕಡಿಮೆ ನಾಲ್ಕು ಪಟ್ಟು ಗಾಳಿ ಎಳೆಯಬೇಕು. ಒಂದೇ ಕೊಳವೆಯಲ್ಲಿ ಗಾಳಿಯನ್ನು ಎರಡು ಪಟ್ಟು ಮಾಡಿದರೆ ವಿದ್ಯುತ್ತು ಎಂಟು ಪಟ್ಟು ಬೇಕು. ಎದುರು ಗೋಡೆಯ ಫ್ಯಾನ್ ಎಳೆಯುತ್ತಿದ್ದದ್ದು ತನ್ನ ಪಕ್ಕದ ಕಿಟಕಿಯ ಗಾಳಿಯನ್ನು.

ಮೂಸೆಯ ಮೇಲೆ ತಗಡಿನ ಕೊಡೆ ಕಟ್ಟಿ ಚಿಮಣಿ ಕೊಟ್ಟರೆ ಸಾಲದೇ ಎನ್ನುವವರಿದ್ದಾರೆ. ಬಿಸಿ ಹೊಗೆ ತಾನಾಗಿ ಮೇಲೇಳುತ್ತದೆ, ಆ ಉಪಕಾರವನ್ನು ಬಳಸಿಕೊಳ್ಳಲೇಬೇಕು. ಆದರೆ ಏಳುತ್ತಾ ಅದು ಸುತ್ತಲಿನ ಗಾಳಿಯನ್ನು ತಬ್ಬಿಕೊಂಡು ಉಬ್ಬುತ್ತದೆ. ಸಣ್ಣ ಬಿಸಿ ಮೂಲದಿಂದ ಎದ್ದ ಹೊಗೆಯ ಎತ್ತರ ಇಮ್ಮಡಿಯಾದರೆ ಅದರ ಮೊತ್ತ ಸುಮಾರು ಮೂರು ಪಟ್ಟು. ತೊಲೆಯ ಹತ್ತಿರ ಹಿಡಿಯಲು ಹೊರಟವನು ಹಿಡಿಯುವುದೆಲ್ಲ ಬರೀ ಗಾಳಿ. ಬಾಗಿಲಿಂದ ಒಂದು ಸುಳಿ ಬಂದರೆ ಅದೂ ಕೈತಪ್ಪುತ್ತದೆ. ಇನ್ನೊಂದು ಸಂಗತಿ: ಮೂಸೆಗೂ ಕೊಡೆಗೂ ನಡುವೆ ಬಗ್ಗಿ ನೋಡುತ್ತಿರುವ ಮನುಷ್ಯನ ಮೂಗು ಇರುತ್ತದೆ. ಆದ್ದರಿಂದ ಹಿಡಿಯಬೇಕಾದ ಜಾಗ ಮೂಸೆಯ ಅಂಚು. ಅಂಚಿನ ಸುತ್ತ ಸೀಳುಬಾಯಿಯ ಉಂಗುರ, ಅಥವಾ ಕೆಲಸಗಾರನಿಗೆ ಎದುರಾಗಿ ಮೂಸೆಯ ಬೆನ್ನಿಗೇ ಅಂಟಿದ ಬಾಯಿ. ಕರಗಿದ ಲೋಹದ ಮೇಲೆ ಇದ್ದಿಲ ಪುಡಿಯ ಹೊದಿಕೆ ಹಾಕಿದರೆ ಆವಿ ಏಳುವುದೇ ಕಡಿಮೆಯಾಗುತ್ತದೆ. ಅದನ್ನು ನಮ್ಮ ಎರಕದವರು ನನ್ನಿಂದ ಕಲಿಯಬೇಕಾಗಿಲ್ಲ.

ಆವಿಯನ್ನು ಹುಟ್ಟಿದಲ್ಲೇ ಹಿಡಿಯುವ ವಿದ್ಯೆ ಹೊರಗಿನಿಂದ ಬಂದದ್ದೂ ಅಲ್ಲ. ರಾಜಸ್ಥಾನದ ಉದಯಪುರದ ಹತ್ತಿರ ಜಾವರ್ ಎಂಬಲ್ಲಿ ನೂರಾರು ವರ್ಷಗಳ ಹಿಂದೆ ಸತುವು ತೆಗೆಯುತ್ತಿದ್ದವರ ಕುಲುಮೆಗಳು ಸಿಕ್ಕಿವೆ. ಬದನೆಕಾಯಿ ಆಕಾರದ ಮಣ್ಣಿನ ಮೂಸೆಗಳು, ಒಂದು ಕುಲುಮೆಗೆ 36. ಎಲ್ಲವೂ ತಲೆಕೆಳಗು! ಬೆಂಕಿ ಮೇಲೆ, ಮೂಸೆಯ ಕೊರಳು ಕೆಳಗಿನ ತಣ್ಣನೆಯ ಕೋಣೆಗೆ ಇಳಿದಿರುತ್ತಿತ್ತು. ಮಗುಚಿದಾಗ ಅದಿರು ಬೀಳದಿರಲಿ ಎಂದು ಕೊರಳಿಗೆ ಕಡ್ಡಿ ಸಿಕ್ಕಿಸುತ್ತಿದ್ದರು. ಕಾವಿಗೆ ಕಡ್ಡಿ ಸುಟ್ಟುಹೋಗಿ ಆವಿಗೆ ದಾರಿಯಾಗುತ್ತಿತ್ತು. ಆವಿ ಗಾಳಿಯ ಮುಖ ಕಾಣುವ ಮೊದಲೇ ತಣಿದು ಲೋಹವಾಗಿ ತೊಟ್ಟಿಕ್ಕುತ್ತಿತ್ತು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ಚಾಂಪಿಯನ್ ಸತುವು ಬಟ್ಟಿ ಇಳಿಸಲು ಪೇಟೆಂಟ್ ಪಡೆದದ್ದು 1738ರಲ್ಲಿ, ಅವನದೂ ಆವಿ ಕೆಳಕ್ಕಿಳಿಯುವ ಏರ್ಪಾಟೇ. ಕಡ್ಡಿಯ ಉಪಾಯ ಯಾರಿಗೆ ಹೊಳೆಯಿತೋ ಎಂದು ನಾನು ಒಮ್ಮೊಮ್ಮೆ ಸುಮ್ಮನೆ ಯೋಚಿಸುತ್ತಾ ಕೂರುತ್ತೇನೆ.

ಮನೆಯ ಹತ್ತಿರದ ಉದಾಹರಣೆ ಬೇಕೆಂದರೆ ಮೈಸೂರಿನ ಗಂಧದೆಣ್ಣೆ ಕಾರ್ಖಾನೆ ಇದೆ. ಮೊದಲ ಮಹಾಯುದ್ಧ ಶುರುವಾಗಿ ಜರ್ಮನಿಗೆ ಹೋಗುತ್ತಿದ್ದ ಗಂಧದ ಕೊರಡುಗಳು ಇಲ್ಲೇ ಉಳಿದವು. ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ತೆಗೆದು ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಕಾರ್ಖಾನೆ ಎದ್ದಿತು. ಗಂಧದೆಣ್ಣೆಯ ಮುಖ್ಯ ಅಂಶ ತಾನಾಗಿ ಕುದಿಯಬೇಕಾದರೆ 300 ಡಿಗ್ರಿಯ ಆಸುಪಾಸು ಬೇಕು. ನೀರಿನ ಹಬೆಯ ಜೊತೆ ಕೂಡಿದರೆ 100ರ ಒಳಗೇ ಏಳುತ್ತದೆ. ಆ ಹಬೆಯ ಒಂದು ಸುರುಳಿಯೂ ಹೊರಗೆ ಹೋಗಲು ಯಾರೂ ಬಿಡುವುದಿಲ್ಲ. ಮುಚ್ಚಿದ ಪಾತ್ರೆ, ತಣ್ಣೀರಿನಲ್ಲಿ ಮುಳುಗಿದ ಕೊಳವೆ, ಕೊನೆಯಲ್ಲಿ ತೇಲುವ ಎಣ್ಣೆ. ಆವಿಯ ಬೆಲೆ ಎಲ್ಲರಿಗೂ ಗೊತ್ತು.

ಸತುವಿನ ಘಾಟಿಗೂ ಬೆಲೆ ಇದೆ, ಎರಕದವರಿಗೆ ಹೇಳಿದವರಿಲ್ಲ. ಒಂದು ಕಿಲೋ ಸತುವು ಉರಿದರೆ ಸುಮಾರು ಒಂದೂಕಾಲು ಕಿಲೋ ಬಿಳಿ ಪುಡಿಯಾಗುತ್ತದೆ, ಹೆಚ್ಚಿದ ತೂಕ ಗಾಳಿಯ ಆಮ್ಲಜನಕದ್ದು. ಇದೇ ಪುಡಿಯನ್ನು ತಯಾರಿಸಲೆಂದೇ ಬೇರೆ ಕಡೆ ಶುದ್ಧ ಸತುವನ್ನು ಬೇಕೆಂದು ಕುದಿಸಿ ಸುಡುತ್ತಾರೆ. ಅದರ ಅತಿ ದೊಡ್ಡ ಪಾಲು ಹೋಗುವುದು ರಬ್ಬರಿಗೆ. ಮೈಸೂರಿನ ಟೈರು ಕಾರ್ಖಾನೆಯಿಂದ ಹೊರಬರುವ ಟೈರಿನಲ್ಲೂ ಅದಿರುತ್ತದೆ. ಎರಕದ ಮನೆಯ ಪುಡಿ ಅಷ್ಟು ಶುದ್ಧವಲ್ಲ, ಸೀಸವಿರುವುದರಿಂದ ಮೈಗೆ ಹಚ್ಚುವ ಮುಲಾಮಿಗಂತೂ ಸಲ್ಲದು. ಲೋಹ ಮರಳಿ ತೆಗೆಯುವವರು ಕೊಳ್ಳುತ್ತಾರೆ.

ಹಿಡಿದದ್ದನ್ನು ಸೋಸಲು ಬಟ್ಟೆಯ ಚೀಲಗಳು ಸಾಕು. ಇಷ್ಟು ಸಣ್ಣ ಕಣವನ್ನು ಬಟ್ಟೆ ತಡೆದೀತೇ ಎಂಬ ಅನುಮಾನ ಸಹಜ. ಹೊಸ ಚೀಲ ಒಂದಿಷ್ಟನ್ನು ಬಿಟ್ಟುಬಿಡುತ್ತದೆ ಕೂಡ. ಕಾಫಿ ಫಿಲ್ಟರಿನಲ್ಲಿ ತೂತಿನ ತಟ್ಟೆಗಿಂತ ಅದರ ಮೇಲೆ ಒತ್ತಿದ ಪುಡಿಯೇ ಡಿಕಾಕ್ಷನ್ ಸೋಸುವಂತೆ, ಇಲ್ಲಿ ಬಟ್ಟೆಯ ಮೇಲೆ ಕೂತ ಧೂಳೇ ಮುಂದಿನ ಧೂಳನ್ನು ತಡೆಯುತ್ತದೆ. ಪದರ ದಪ್ಪವಾದಾಗ ಚೀಲವನ್ನು ಒದರಿ, ಬಿದ್ದದ್ದನ್ನು ಡ್ರಮ್ಮಿಗೆ ತುಂಬಿಕೊಂಡರಾಯಿತು.

ಮುಂದಿನ ಸಲ ಹೋದಾಗ ಯಜಮಾನರು ಫ್ಯಾನನ್ನು ಗೋಡೆಯಿಂದ ಕಿತ್ತು, ತಗಡಿನ ಕೊಳವೆ ಸೇರಿಸಿ ಕುಲುಮೆಯ ಪಕ್ಕಕ್ಕೆ ತಂದಿದ್ದರು. ಕುಲುಮೆ ಇನ್ನೂ ಹಚ್ಚಿರಲಿಲ್ಲ. ನಾನು ಜೇಬಿನಿಂದ ಊದುಬತ್ತಿಯ ಪೊಟ್ಟಣ ತೆಗೆದು ಒಂದನ್ನು ಹಚ್ಚಿ ಅವರ ಕೈಗೆ ಕೊಟ್ಟೆ. ದೇವರ ಪಟದ ಕಡೆ ನೋಡಿದರು. “ಇಲ್ಲ, ಕೊಳವೆಗೆ ಬೆಳಗಿ” ಎಂದೆ. ಬಾಯಿಯ ಹತ್ತಿರ ಹಿಡಿದಾಗ ಹೊಗೆಯ ಎಳೆ ಸರ್ರನೆ ಒಳಗೆ ಓಡಿತು. ಅವರು ಒಂದೊಂದೇ ಬೆರಳಗಲ ಹಿಂದೆ ಸರಿಯುತ್ತಾ ಹೋದರು. ಎಳೆ ಬಾಗಿತು, ತಡವರಿಸಿತು, ಕೊನೆಗೆ ನೆಟ್ಟಗೆ ಮೇಲಕ್ಕೆ ಎದ್ದಿತು. ಅಲ್ಲಿ ನಿಂತು ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದರು. ಗೆರೆ ಇನ್ನೂ ಮೂಸೆ ಇಡುವ ಜಾಗದಿಂದ ಒಂದು ಗೇಣು ಈಚೆಗಿತ್ತು. ಸರಿಸಬೇಕಾದದ್ದು ಕೊಳವೆಯನ್ನೋ ಕುಲುಮೆಯನ್ನೋ ಎಂದು ಹುಡುಗರು ವಾದಕ್ಕಿಳಿದರು. ಯಜಮಾನರು ಇನ್ನೊಂದು ಊದುಬತ್ತಿ ಹಚ್ಚಿಕೊಂಡು ಕೊಳವೆಯ ಮತ್ತೊಂದು ಪಕ್ಕಕ್ಕೆ ಹೋದರು.